ಬ್ಯಾಡಗಿಯ ಡಬ್ಬಿ: ಹನ್ನೊಂದನೆಯ ಕಂತು

ಪರದೆಯ ಮೇಲೆ ಏನೂ ಮೂಡಲಿಲ್ಲ.

ಬೆಳ್ಳಗಿನ ಒಂದು ಹಾಳೆ, ಅದರ ನಡುವೆ ಮುರುಕು ಇಂಗ್ಲಿಷಿನ ಒಂದೇ ಸಾಲು. ಪ್ಲಗಿನ್ ಎಂಬ ಸಣ್ಣ ಪ್ರೋಗ್ರಾಮು ಹಾಕಿಕೊಳ್ಳಿ, ಇಲ್ಲವಾದರೆ ಕ್ಯಾಮೆರಾದ ಚಿತ್ರ ಕಾಣದು ಎಂಬುದು ಅದರ ಭಾವಾರ್ಥ. ಭುವನಾ ಆ ಸಾಲನ್ನು ಒತ್ತಿದಳು. ಒಂದು ಫೈಲು ಇಳಿದು ಬಂತು. ತೆರೆಯಹೋದರೆ ಮ್ಯಾಕ್ ಅದನ್ನು, ಮಡಿಯುಟ್ಟ ಮುದುಕಿ ಬೀದಿಯ ಮಗುವನ್ನು ದೂರ ಸರಿಸುವಂತೆ, ಪಕ್ಕಕ್ಕೆ ಸರಿಸಿತು.

"ಇದು ವಿಂಡೋಸ್‌ಗೆ ಅಂತ ಮಾಡಿದ್ದರಿ," ಎಂದಳು ಭುವನಾ. "ಮ್ಯಾಕಿನ್ಯಾಗ ಹತ್ತೂದಿಲ್ಲ."

ನಿಜಲಿಂಗಪ್ಪ ಕುರ್ಚಿಗೆ ಒರಗಿದ. ಮೂವತ್ತೈದು ವರ್ಷ ಪೊಲೀಸ್ ಖಾತೆಯಲ್ಲಿ ಸವೆದು, ಜಮಾದಾರನಾಗಿ ನಿವೃತ್ತನಾಗಿ, ಈಗ ರಾಣೆಬೆನ್ನೂರಿನ ಒಂದು ಖಾನಾವಳಿಯ ಮಹಡಿಯಲ್ಲಿ ಖಾಸಗಿ ತನಿಖೆಯ ಬೋರ್ಡು ಹಾಕಿಕೊಂಡ ಮನುಷ್ಯ. ಕೆಳಗೆ, ಅದೇ ಖಾನಾವಳಿಯ ಪಕ್ಕದಲ್ಲಿ, ಭುವನಾಳ ಕಂಪ್ಯೂಟರ್ ರಿಪೇರಿ ಅಂಗಡಿ. ಹದಿನೆಂಟು ದಿನಗಳಿಂದ ಇಬ್ಬರೂ ಕಾದದ್ದು ಈ ಬಿಳಿಯ ಹಾಳೆಗಾಗಿ.

ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಿಂದ ಒಂದು ರವಿವಾರ ಮಧ್ಯಾಹ್ನ ನೂರಾ ನಲವತ್ತು ಚೀಲ ಡಬ್ಬಿ ಮೆಣಸಿನಕಾಯಿ ಮಾಯವಾಗಿತ್ತು. ಕಾವಲುಗಾರ ಫಕ್ಕೀರಸಾಬ ಹಾವೇರಿಯ ಜೈಲಿನಲ್ಲಿದ್ದ. ಅವನು ಬಾಗಿಲು ತೆರೆದು ಚೀಲ ಸಾಗಿಸಿದ್ದನ್ನು ಕಂಡ ಏಕೈಕ ಸಾಕ್ಷಿ, ಆ ಕೋಲ್ಡ್ ಸ್ಟೋರೇಜಿನ ಮಾಲೀಕ ವಿಜಯಮಹಾಂತೇಶ. ಕಂಡದ್ದು ಎಲ್ಲಿಂದ? ಹಾವೇರಿಯ ತನ್ನ ಈ ಮನೆಯಿಂದ, ಈ ಮೇಜಿನ ಮೇಲಿನ ಈ ಮ್ಯಾಕಿನಲ್ಲಿ, ಅಲ್ಲಿನ ಕ್ಯಾಮೆರಾದ ಚಿತ್ರ ನೋಡುತ್ತ.

ಇಂದು ಮೂರು ಗಂಟೆಗೆ ಬ್ಯಾಡಗಿಯ ಕೋರ್ಟಿನಲ್ಲಿ ಫಕ್ಕೀರಸಾಬನ ಜಾಮೀನಿನ ವಿಚಾರಣೆ. ಈ ಸಾಕ್ಷಿ ಸುಳ್ಳೆಂದು ಅಷ್ಟರೊಳಗೆ ತೋರಿಸಬೇಕು. ಅರವತ್ತು ದಾಟಿದ, ಮೆಣಸಿನಕಾಯಿಯ ಘಾಟಿನಲ್ಲೇ ಎದೆ ಸುಟ್ಟುಕೊಂಡ ಆ ದಮ್ಮಿನ ರೋಗಿ ಜೈಲಿನ ತಣ್ಣನೆಯ ನೆಲದ ಮೇಲೆ ಇನ್ನೆಷ್ಟು ವಾರ ಉಳಿದಾನೆಂದು ವಕೀಲರೂ ಹೇಳಲಾರರು. ಗೋಡೆಯ ಗಡಿಯಾರದಲ್ಲಿ ಆಗ ಒಂದೂ ಹತ್ತು.

"ಸಾವಕಾರ್ರ," ಎಂದ ನಿಜಲಿಂಗಪ್ಪ, "ಇದರಾಗ ನೋಡಿದ್ರೇನ್ರಿ ನೀವು? ಈ ಬಿಳೇ ಹಾಳ್ಯಾಗ?"

ವಿಜಯಮಹಾಂತೇಶ ನಕ್ಕ. ಆ ನಗೆಯನ್ನು ನಿಜಲಿಂಗಪ್ಪ ಬಲ್ಲ. ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿದವರು ನಿಂತವರತ್ತ ಬೀರುವ ನಗೆ ಅದು. ನಲವತ್ತೈದರ ಪ್ರಾಯ, ಇಸ್ತ್ರಿ ಮುರಿಯದ ಬಿಳಿಯ ಅಂಗಿ, ಹಣೆಯಲ್ಲಿ ಮೂರು ಬೆರಳ ವಿಭೂತಿ. ಮ್ಯಾಕಿನ ಬೆನ್ನ ಮೇಲಿನ ಸೇಬಿಗೂ ಅವನು ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿದ್ದ. ಕಚ್ಚಿದ ಹಣ್ಣಿಗೆ ಕುಂಕುಮವಿಟ್ಟ ಭಕ್ತನನ್ನು ನಿಜಲಿಂಗಪ್ಪ ತನ್ನ ಸರ್ವೀಸಿನಲ್ಲಿ ಕಂಡಿರಲಿಲ್ಲ.

"ರಿಪೇರಿ ಅಕ್ಕಾರು ಶಾಣ್ಯಾರದಾರ," ಎಂದ ವಿಜಯಮಹಾಂತೇಶ. "ಆದ್ರ ಅರ್ಧಾ ದಾರ್ಯಾಗ ನಿಂತಾರ. ಸರೀರಿ ಸ್ವಲ್ಪ."

ಅವನು ಮ್ಯಾಕನ್ನು ತನ್ನತ್ತ ತಿರುಗಿಸಿಕೊಂಡ. ಕೆಳಸಾಲಿನ ಒಂದು ಚಿತ್ರವನ್ನು ಒತ್ತಿದ. ಪರದೆಯ ಮೇಲೆ ಇನ್ನೊಂದು ಪರದೆ ಎದ್ದಿತು. ಅದರೊಳಗೆ ನೀಲಿಯ ಬಯಲು, ಮೂಲೆಯಲ್ಲಿ ನಾಲ್ಕು ಚೌಕಗಳ ಕಿಟಕಿ. ಮ್ಯಾಕಿನ ಬಸಿರಲ್ಲಿ ವಿಂಡೋಸ್ ಕಣ್ಣು ಬಿಟ್ಟಿತ್ತು. ತಯಾರಿಸಿದವರೇ ಕೈಬಿಟ್ಟು ವರ್ಷಗಳಾದ ಈ ಪ್ಲಗಿನ್ ಓಡಬಲ್ಲ ಹಳೆಯ ಬ್ರೌಸರನ್ನು ಅಲ್ಲಿ ಜೀವ ಹಿಡಿಸಿ ಇಟ್ಟಿದ್ದರು. 'ಕೋಲ್ಡ್' ಎಂಬ ಹೆಸರಿನ ಗುರುತನ್ನು ಅವನು ಒತ್ತಿದ, ಗುಪ್ತಪದ ಹೊಡೆದ.

ಚಿತ್ರ ಬಂತು.

ಉದ್ದನೆಯ ಓಣಿ, ಎರಡೂ ಬದಿಗೆ ಪೇರಿಸಿದ ಚೀಲಗಳು, ತುದಿಯಲ್ಲಿ ಕಬ್ಬಿಣದ ಬಾಗಿಲು. ಮೂಲೆಯಲ್ಲಿ ತಾರೀಖು: ಕಳವಿನ ಹಿಂದಿನ ದಿನ, ಶನಿವಾರ. ತಲೆಗೆ ಟವೆಲು ಸುತ್ತಿದ ಹಮಾಲನೊಬ್ಬ ಕೆಮ್ಮುತ್ತ ಹಾದುಹೋದ. ಹತ್ತು ಕ್ಷಣ ತೋರಿಸಿ ವಿಜಯಮಹಾಂತೇಶ ಅದನ್ನು ನಿಲ್ಲಿಸಿದ.

"ಕಂಡ್ತೇನ್ರಿ ಜಮಾದಾರ್ರ? ಇದು ಬ್ಯಾಡಗಿ. ಹಿಂಗ ನೋಡಿದೆ. ರವಿವಾರದ ರೆಕಾರ್ಡಿಂಗ್ ಕೆಟ್ಟೈತಿ, ಅದನ್ನ ಪೊಲೀಸರ ಬರಕೊಂಡಾರ. ಆದ್ರ ಅವತ್ತು ನಡಿಯೂ ಹೊತ್ತಿನ್ಯಾಗ ನನ್ನ ಕಣ್ಣು ಕೆಟ್ಟಿದ್ದಿಲ್ಲ. ಇನ್ನು ಮನಿಗೆ ಹೋಗಿ ಆರಾಮ ಮಕ್ಕೋರಿ. ಪೆನ್ಶನ್ ಬರತೈತೇನಿಲ್ಲ?"

ನಿಜಲಿಂಗಪ್ಪನ ಕಿವಿ ಬಿಸಿಯಾಯಿತು.

ಈ ಅವಮಾನಕ್ಕೆ ಅವನೇ ಕಾರಣ. ಮದುವೆಯ ಆಲ್ಬಮ್ ಮಾಡುವವನೊಬ್ಬ ದುರಸ್ತಿಗೆ ಕೊಟ್ಟ ಮ್ಯಾಕಿನ ಮೇಲೆ, ಇಂಥ ಕ್ಯಾಮೆರಾದ ಚಿತ್ರ ಅದರಲ್ಲಿ ಕಾಣುವುದೇ ಎಂದು ನೋಡಲು, ಭುವನಾ ನಾಲ್ಕು ದಿನ ತಿಣುಕಿದ್ದಳು. ವಿಂಡೋಸೇ ಇಲ್ಲದೆ ವಿಂಡೋಸಿನ ಪ್ರೋಗ್ರಾಮುಗಳನ್ನು ನಂಬಿಸಿ ಓಡಿಸುವ ಉಪಾಯವಿದೆ. ಅದರಲ್ಲಿ ಸಣ್ಣಪುಟ್ಟವು ಓಡಿದವು, ಈ ಕ್ಯಾಮೆರಾದ ಪ್ಲಗಿನ್ ಮಾತ್ರ ಓಡಲಿಲ್ಲ. "ಇನ್ನೊಂದು ಹಾದಿ ಐತ್ರಿ ಕಾಕಾ, ಇಡೀ ವಿಂಡೋಸನ್ನ ಒಳಗ ಕುಂದರ್ಸೂದು. ಆದ್ರ ತಾಳ್ಮಿ ಬೇಕು, ತಲೀ ಬೇಕು," ಎಂದು ಅವಳು ಆಗಲೇ ಎಚ್ಚರಿಸಿದ್ದಳು. ಅವೆರಡೂ ವಿಜಯಮಹಾಂತೇಶನ ಬಳಿ ಇರಲಾರವೆಂದು ತೀರ್ಪು ಕೊಟ್ಟವನು ನಿಜಲಿಂಗಪ್ಪ. ಮನುಷ್ಯನನ್ನು ತುಚ್ಛವೆಂದು ಎಣಿಸಿದರೆ ಅವನ ಕೈಚಳಕವೂ ತುಚ್ಛವೇ ಆಗಬೇಕಿಲ್ಲ ಎಂಬುದನ್ನು ಅರವತ್ತಾರನೆಯ ವಯಸ್ಸಿನಲ್ಲಿ ಕಲಿಯಬೇಕಾಯಿತು.

"ಇದನ್ನ ಯಾರು ಹಾಕಿಕೊಟ್ರು?" ಎಂದು ಭುವನಾ ಸಹಜವೆಂಬಂತೆ ಕೇಳಿದಳು.

"ನಾನ ಹಾಕೇನಿ. ವಿಡಿಯೊ ನೋಡಿ ಕಲ್ತೆ. ಕಲಿಯಾಕ ರಾಣೆಬೆನ್ನೂರಾಗ ಅಂಗಡಿ ಇಡಬೇಕಂತೇನಿಲ್ಲ."

"ಚೊಲೊ ಹಾಕೀರಿ. ಯಾವಾಗ?"

"ವರ್ಷ ಆತು."

ಭುವನಾ ಕೇಳದೆಯೇ ಕೈ ಚಾಚಿ, ಆ ನೀಲಿಯ ಬಯಲಿನಲ್ಲಿ ಒಂದು ಕಪ್ಪು ಚೌಕ ತೆರೆದು, ಒಂದು ಪದ ಹೊಡೆದಳು. ಸಾಲುಗಳು ಸುರಿದವು. ನಡುವಿನ ಒಂದರ ಮೇಲೆ ಬೆರಳಿಟ್ಟಳು.

"ತಾ ಯಾವತ್ತು ಹುಟ್ಟಿದ್ದು ಅಂತ ವಿಂಡೋಸ್ ಬರದಿಟ್ಟುಕೊಂಡಿರತೈತ್ರಿ. ಇದು ಹುಟ್ಟಿದ್ದು ಬುಧವಾರ. ಮೆಣಸಿನಕಾಯಿ ಹೋಗಿದ್ದು ಅದರ ಹಿಂದಿನ ರವಿವಾರ. ಅವತ್ತ ಇದು ಇದ್ದಿದ್ದ ಇಲ್ಲ, ಮತ್ತ ನೀವು ಹ್ಯಾಂಗ ನೋಡಿದ್ರಿ?"

ಅವನ ನಗೆ ಒಂದು ಕ್ಷಣ ಅಂಗಡಿ ಮುಚ್ಚಿತು, ಮತ್ತೆ ತೆರೆಯಿತು. "ಹಳೇದು ಕೆಟ್ಟಿತ್ತು. ಅಳಿಸಿ ಹೊಸಾದು ಹಾಕೇನಿ."

"ಆ ವಾರದಾಗ ನಿಮ್ಮನ್ಯಾಗ ಎಲ್ಲಾನೂ ಕೆಟ್ಟಾವ ನೋಡ್ರಿ," ಎಂದ ನಿಜಲಿಂಗಪ್ಪ. "ರೆಕಾರ್ಡಿಂಗ್ ಕೆಡ್ತು, ವಿಂಡೋಸ್ ಕೆಡ್ತು. ನಾಲಿಗಿ ಒಂದ ಛಲೋ ಉಳದೈತಿ."

"ಕೋರ್ಟಿನ್ಯಾಗ ಹೇಳ್ರಿ ಈ ಜೋಕು. ನಿಮ್ಮ ಫಕ್ಕೀರಸಾಬ ತನ್ನ ಬಾಯಿಲೇ ಒಪ್ಪಿದ್ದನ್ನೂ ಹೇಳ್ರಿ."

ಅದು ನೋಯಿಸುವ ಮಾತೇ. ಹಿಡಿದ ದಿನ ಫಕ್ಕೀರಸಾಬ ಎರಡೇ ವಾಕ್ಯ ಹೇಳಿದ್ದ. 'ಡಬ್ಬಿ ಹೊರಗ ಹೋಗಿದ್ದು ಖರೇ ರೀ. ಬಾಗಲಾ ತಗದಾಂವ ನಾನ.' ಅನಂತರ ಬಾಯಿ ಬಿಟ್ಟಿರಲಿಲ್ಲ; ವಕೀಲರೆದುರೂ ಇಲ್ಲ, ಮಗಳೆದುರೂ ಇಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಎರಡು ಬಗೆ. ತೆಳ್ಳಗೆ ಉದ್ದವಾದದ್ದು ಕಡ್ಡಿ. ಗುಂಡಗೆ ಉಬ್ಬಿ, ಸುಕ್ಕಿನೊಳಗೆ ಕೆಂಪನ್ನು ಬಚ್ಚಿಟ್ಟುಕೊಂಡದ್ದು ಡಬ್ಬಿ. ಕಳವಾದದ್ದು ಡಬ್ಬಿ, ಕಾವಲುಗಾರ ಒಪ್ಪಿದ್ದೂ ಡಬ್ಬಿ. ಬರೆದುಕೊಂಡ ಪೊಲೀಸನಿಗೆ ಇನ್ನೇನು ಬೇಕು?

ಒಳಗಿನಿಂದ ಚಪ್ಪಲಿಯ ಸಪ್ಪಳ ಬಂತು. ವಿಜಯಮಹಾಂತೇಶನ ಹೆಂಡತಿ ಶಿಲ್ಪಾ, ಕೈಯಲ್ಲಿ ಟಿವಿಯ ರಿಮೋಟು ಹಿಡಿದು ಬಾಗಿಲಲ್ಲಿ ನಿಂತಳು. ಅತಿಥಿಗಳಿಗೊಂದು ನಮಸ್ಕಾರ ಎಸೆದು ಗಂಡನತ್ತ ತಿರುಗಿದಳು.

"ಏನ್ರಿ, ಆ ಕೇಬಲ್‌ನವಗ ಫೋನ್ ಹಚ್ಚಿದ್ರೋ ಇಲ್ಲೋ? ಮುಂಜಾನಿಂದ ನೆಟ್ ಇಲ್ಲ. ರಸ್ತಾ ಅಗಿಯೂ ಮಂದಿ ವೈರ್ ಕಡದು ಹೋಗ್ಯಾರ. ಧಾರಾವಾಹಿ ನೋಡಬೇಕಂದ್ರ ಗರಗರ ತಿರಗೂದೊಂದ ಕಾಣ್ತೈತಿ."

"ಒಳಗ ಹೋಗು ನೀ."

"ಹೋಗ್ತೇನಿ. ಹೋಗಿ ಏನ್ ನೋಡ್ಲಿ? ನೆಟ್ ಇದ್ದಾಗರ ಎಲ್ಲಿ ನೆಟ್ಟಗಿತ್ತು? ನೀವು ಆ ಡಬ್ಬಿ ತಂದು ಟಿವಿ ಕೆಳಗ ಹಚ್ಚಿದಾಗಿಂದ ನಿಂತು ನಿಂತು ಬರಾಕತ್ತೈತಿ."



ಮೊದಲು ಅಲುಗಿದ್ದು ಭುವನಾಳ ಕಣ್ಣು. ಅದು ಪರದೆಯ ಮೇಲ್ತುದಿಗೆ, 'ಕೋಲ್ಡ್' ಎಂಬ ಹೆಸರಿನ ಹಿಂದೆ ಅಡಗಿದ್ದ ಅಂಕಿಗಳ ಸಾಲಿಗೆ ಹೋಯಿತು.

"ನೆಟ್ ಮುಂಜಾನಿಂದ ಇಲ್ಲ," ಎಂದಳು ನಿಧಾನವಾಗಿ. "ಮೊಬೈಲಿಂದೂ ಹಚ್ಚಿಲ್ಲ. ಮತ್ತ ಬ್ಯಾಡಗಿಯಿಂದ ಚಿತ್ರ ಯಾವ ಬಸ್ಸಿಗೆ ಬಂತ್ರಿ ಸಾವಕಾರ್ರ? ಈ ಅಂಕಿ ನೋಡ್ರಿ ಕಾಕಾ. ಇದು ಊರಾಗಿನ ವಿಳಾಸ ಅಲ್ಲ, ಮನ್ಯಾಗಿನ ವಿಳಾಸ. ಪಡಸಾಲಿಯಿಂದ ಅಡಗೀಮನಿಗೆ ಕೂಗಿದ್ಹಂಗ."

ನಿಜಲಿಂಗಪ್ಪ ಅಂಕಿಗಳನ್ನು ನೋಡಲಿಲ್ಲ. ಅವನ ಕಿವಿಯಲ್ಲಿ ಶಿಲ್ಪಾಳ ಒಂದು ಪದ ನಿಂತುಬಿಟ್ಟಿತ್ತು.

ಡಬ್ಬಿ.

ಈ ಮನೆಯಲ್ಲಿ, ಈ ಹೆಂಗಸಿನ ಬಾಯಲ್ಲಿ, ಅದು ಮೆಣಸಿನಕಾಯಿಯಲ್ಲ. ಟಿವಿಯ ಕೆಳಗೆ ಇಡುವ, ವೈರು ಸಿಕ್ಕಿಸುವ, ಏನೆಂದು ಗೊತ್ತಿಲ್ಲದ ಕರಿಯ ಪೆಟ್ಟಿಗೆಗೆ ಯಾರಾದರೂ ಇಡುವ ಹೆಸರು. ಗೋಡೆಗೆ ಬಡಿದ, ಕ್ಯಾಮೆರಾ ಕಂಡದ್ದನ್ನೆಲ್ಲ ತುಂಬಿಡುವ ಪೆಟ್ಟಿಗೆಯನ್ನು ಹಗಲೂ ಇರುಳೂ ನೋಡುತ್ತ ಕುಳಿತ ಫಕ್ಕೀರಸಾಬ ಅದನ್ನು ಇನ್ನಾವ ಹೆಸರಿನಿಂದ ಕರೆದಾನು? ಡಬ್ಬಿ ಹೊರಗೆ ಹೋಯಿತು, ಬಾಗಿಲು ತೆರೆದವನು ನಾನು. ಆ ಮುದುಕ ನಿಜವನ್ನು ಅದರ ಸ್ವಂತ ಹೆಸರಿನಿಂದಲೇ ಹೇಳಿದ್ದ. ಕೇಳಿದವರೆಲ್ಲ ಬ್ಯಾಡಗಿಯ ಕಿವಿಯಿಂದ ಕೇಳಿದರು. ಆ ಊರಿನಲ್ಲಿ ಒಂದು ಪದ ಬಾಯಿಂದ ಹೊರಟರೆ ಪೇಟೆಗೆ ಹೋಗಿ ಹಣ್ಣಾಗಿ ಕೆಂಪಾಗಿ ಬರುತ್ತದೆ. ಪೊಲೀಸ್, ವಕೀಲ, ಸಾಲದ್ದಕ್ಕೆ ಆ ತಾಲ್ಲೂಕಿನ ನೀರು ಕುಡಿದ ಜಮಾದಾರ ನಿಜಲಿಂಗಪ್ಪ. ಹದಿನೆಂಟು ದಿನ ಅವನು ಮೆಣಸಿನಕಾಯಿಯ ಹಿಂದೆ ಲಾರಿ ಲಾರಿ ಅಲೆದಿದ್ದ. ವಿಜಯಮಹಾಂತೇಶನಿಗೆಂದು ಕೂಡಿಟ್ಟ ತಾತ್ಸಾರದಲ್ಲಿ ಒಂದು ಪಾಲನ್ನು ಅವನು ಮೌನವಾಗಿ ತನಗೇ ಬಡಿಸಿಕೊಂಡ.

"ಯವ್ವಾ ಶಿಲ್ಪಾ," ಎಂದ ಎದ್ದು ನಿಂತು, "ಆ ಡಬ್ಬಿ ಸ್ವಲ್ಪ ತೋರಸ್ತೀಯೇನವಾ?"

"ಅದೇನ ಕದ್ದಿಟ್ಟಿದ್ದೇನ್ರಿ? ಬರ್ರಿ."

ವಿಜಯಮಹಾಂತೇಶ ಹೆಂಡತಿಯನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕಿತ್ತು. ಅವಳದನ್ನು ಗಮನಿಸಲೇ ಇಲ್ಲ. ನೆಟ್ಟಿನ ಸಿಟ್ಟು ಅವಳಲ್ಲಿ ಅಷ್ಟಿತ್ತು. ಪಡಸಾಲೆಯ ಟಿವಿಯ ಕೆಳಗಿನ ಕಪಾಟನ್ನು ಅವಳೇ ಎಳೆದು ತೆರೆದಳು. ಒಳಗೆ ಕರಿಯ ಪೆಟ್ಟಿಗೆಯೊಂದು ಹಸಿರು ಕಣ್ಣು ಮಿಟುಕಿಸುತ್ತ ಮಲಗಿತ್ತು. ಕ್ಯಾಮೆರಾಗಳ ವೈರು ಸಿಕ್ಕಿಸುವ ತೂತುಗಳೆಲ್ಲ ಖಾಲಿ. ಅದರ ಸಂದುಗಳಲ್ಲಿ ಕೆಂಪು ಧೂಳು. ಭುವನಾ ಬೆರಳಾಡಿಸಿ ಮೂಸಿದಳು. ಮರುಕ್ಷಣ ಸೀನು, ಮತ್ತೆ ಸೀನು.

"ಬ್ಯಾಡಗೀದ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಬ್ಯಾರೆ ಪುರಾವೆ ಬ್ಯಾಡ."

"ಅಂದ್ರ ಕೋಲ್ಡ್ ಸ್ಟೋರೇಜಿನ ಗ್ವಾಡಿಗೆ ಈಗ ಇರೂದು ಬ್ಯಾರೆ ಡಬ್ಬಿ," ಎಂದ ನಿಜಲಿಂಗಪ್ಪ. "ಪೊಲೀಸರಿಗೆ ತೋರಿಸಿದ್ದು ಅದನ್ನ. ಅದರಾಗ ರವಿವಾರ ಇರೂದ ಇಲ್ಲ. ರವಿವಾರ ಇಲ್ಲೈತಿ, ನಿಮ್ಮ ಟಿವಿ ಕೆಳಗ."

ವಿಜಯಮಹಾಂತೇಶ ಬಾಗಿಲಿಗೆ ಒರಗಿ ನಿಂತಿದ್ದ. "ನನ್ನ ಡಬ್ಬಿ, ನನ್ನ ಮನಿ. ಯಾವ ಕಲಮಿನ್ಯಾಗ ತಪ್ಪೈತಿ ಹೇಳ್ರಿ."

"ಕಲಮು ಆಮ್ಯಾಲ ಹೇಳೂಣು. ಮದಲ ಇದನ್ನ ಹೇಳ್ರಿ. ನೆಟ್ ಇಲ್ಲಂತ ಹೇಳಿ ನಮ್ಮನ್ನ ವಾಪಸ್ ಕಳಿಸಬಹುದಿತ್ತು. ಯಾಕ ತೋರಿಸಿದ್ರಿ?"

ಉತ್ತರ ನಿಜಲಿಂಗಪ್ಪನಿಗೆ ಆಗಲೇ ಗೊತ್ತಿತ್ತು. ಒಬ್ಬ ಮಾಜಿ ಜಮಾದಾರ, ಒಬ್ಬ ರಿಪೇರಿಯವಳು, ಇಬ್ಬರೆದುರು ತನ್ನ ಯಂತ್ರ ಸೋತಿತೆಂದು ಒಪ್ಪಿಕೊಳ್ಳುವುದು ಈ ಮನುಷ್ಯನಿಂದ ಆಗದ ಕೆಲಸ. ಜೈಲಿಗಿಂತ ಸಣ್ಣವನಾಗುವುದಕ್ಕೆ ಅವನು ಹೆಚ್ಚು ಹೆದರಿದ. ಇಂಥವರನ್ನು ಹಿಡಿಯಲು ಬಲೆ ಬೇಡ, ಕನ್ನಡಿಯೊಂದನ್ನು ಹಿಡಿದರೆ ಸಾಕು. ತಾವಾಗಿಯೇ ಬಂದು ಮುಖ ನೋಡಿಕೊಳ್ಳುತ್ತಾರೆ.

"ಕಾಕಾ," ಎಂದಳು ಭುವನಾ, "ಇದರಾಗ ಕಡೇ ನಿಮಿಷ ನೋಡೂಣು. ಡಬ್ಬಿ ಇದ್ದ ಕೋಣ್ಯಾಗ ಒಂದು ಕ್ಯಾಮೆರಾ ಇದ್ದ ಇರತೈತಿ. ವೈರ್ ಕೀಳಾಕ ಬಂದವರ ಮುಖ ಅದರಾಗ ಬಿದ್ದಿರಬೇಕು. ಇದನ್ನ ಕಿತ್ತವರು ಯಾರೋ, ಇದು ಕಡೀಗೆ ನೋಡಿದ್ದು ಅವರನ್ನ."

ನಿಜಲಿಂಗಪ್ಪ ವಿಜಯಮಹಾಂತೇಶನ ಮುಖ ನೋಡಿದ. ಬಿಳಿಚಿಕೊಳ್ಳಬೇಕಿತ್ತು, ಬಿಳಿಚಿಕೊಳ್ಳಲಿಲ್ಲ. ಬದಲಿಗೆ, ಸಾವಕಾಶವಾಗಿ, ಆ ಕಿಟಕಿ ಸೀಟಿನ ನಗೆ ಮರಳಿ ಬಂತು.

"ನೋಡ್ರಿ," ಎಂದ. ತಾನೇ ಮೇಜಿಗೆ ನಡೆದ, ತಾನೇ ಕುರ್ಚಿ ಎಳೆದು ಭುವನಾಳಿಗೆ ಕೊಟ್ಟ. "ರವಿವಾರ, ಎರಡೂ ನಲವತ್ತರಿಂದ ನೋಡ್ರಿ. ನಾನ ಹೇಳಾಕತ್ತೇನಿ. ನೋಡಿ ಕೋರ್ಟಿಗೆ ಒಯ್ಯಬೇಕು ಅನಿಸಿದ್ರ ಒಯ್ರಿ. ಡಬ್ಬಿ ಹೊತಗೊಂಡು ಬಂದು ನಿಮ್ಮ ಗಾಡ್ಯಾಗ ನಾನ ಇಟ್ಟುಕೊಡ್ತೇನಿ."

ನಿಜಲಿಂಗಪ್ಪನ ಜೇಬಿನಲ್ಲಿ ಫೋನು ನಡುಗಿತು. ದೌಲತಬಿ, ಫಕ್ಕೀರಸಾಬನ ಮಗಳು. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸದವಳು. ಹದಿನೆಂಟು ದಿನದ ಹಿಂದೆ, ಉರಿಯುವ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಖಾನಾವಳಿಯ ಮಹಡಿ ಹತ್ತಿ ಬಂದು, 'ನಮ್ಮಪ್ಪ ಕಳ್ಳ ಅಲ್ರಿ ಕಾಕಾ' ಎಂದು ಈ ಕೇಸನ್ನು ಅವನ ಮೇಜಿನ ಮೇಲೆ ಇಟ್ಟವಳು ಅವಳೇ.

"ಹೇಳವಾ."

"ಕಾಕಾ, ಕೋರ್ಟಿನ ಮುಂದ ಅದೇನ್ರಿ." ದನಿಯಲ್ಲಿ ಅಳು ಒಣಗಿತ್ತು. "ನಮ್ಮಪ್ಪನ್ನ ಕರಕೊಂಡು ಬಂದಾರ. ಜಾಮೀನು ಬ್ಯಾಡ ಅನ್ನಾಕತ್ತಾನ್ರಿ. ತಪ್ಪು ಒಪ್ಪಿಕೋತೇನಿ ಅಂತ ವಕೀಲರ ಕೈ ಹಿಡದು ಕುಂತಾನ."

"ಯಾಕಂತ?"

"ಹೇಳವಲ್ಲ. ನಿಮಗೊಂದ ಮಾತು ಹೇಳಂದಾನ. ಹುಡಕೂದು ಬಿಡ್ರಿ ಅನ್ನು, ಜಮಾದಾರ್ರ ಕಾಲಿಗೆ ಬೀಳ್ತೇನಂತ ಹೇಳು ಅಂದಾನ. ಅವನ ಮಾತು ಕೇಳಬ್ಯಾಡ್ರಿ ಕಾಕಾ. ದಮ್ಮು ಹತ್ತೇತಿ, ನಿಂದ್ರಾಕಾಗವಲ್ದು. ಲಗೂನ ಏನರ ತರ್ರಿ."

ಭುವನಾ ಆಗಲೇ ತಾರೀಖು ಒತ್ತಿದ್ದಳು. ಮ್ಯಾಕಿನೊಳಗಿನ ವಿಂಡೋಸಿನೊಳಗೆ, ಸತ್ತ ಬ್ರೌಸರಿನ ಚೌಕಟ್ಟಿನಲ್ಲಿ, ಬ್ಯಾಡಗಿಯ ಆ ರವಿವಾರ ಮಧ್ಯಾಹ್ನ ಮೆಲ್ಲಗೆ ಬೆಳಗಾಯಿತು. ಕೋಲ್ಡ್ ಸ್ಟೋರೇಜಿನ ಆಫೀಸು ಕೋಣೆ. ಒಂದು ಮೇಜು, ಬಸವಣ್ಣನ ಫೋಟೊ, ಖಾಲಿ ಕುರ್ಚಿ.

ಬಾಗಿಲು ಹೊರಗಿನಿಂದ ತೆರೆಯಿತು. ತೆರೆದವನು ಫಕ್ಕೀರಸಾಬ. ಅವನು ಒಳಗೆ ಬರಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು, ಮುಖ ಆಚೆ ತಿರುಗಿಸಿ ನಿಂತ. ಅವನ ಪಕ್ಕದಿಂದ ಒಬ್ಬ ಹೆಂಗಸು ಒಳಬಂದಳು. ಬ್ಯಾಡಗಿಯ ಕೂಲಿಯ ಹೆಂಗಸರೆಲ್ಲರಂತೆ ಘಾಟು ತಡೆಯಲು ಮೂಗುಬಾಯಿಗೆ ಬಟ್ಟೆ ಬಿಗಿದಿದ್ದಳು. ಅಂಥವರು ಆ ಊರಿನಲ್ಲಿ ಸಾವಿರ ಜನ. ಅವಳು ನೇರ ಕ್ಯಾಮೆರಾದತ್ತ, ಅದರ ಕೆಳಗಿನ ಡಬ್ಬಿಯತ್ತ ನಡೆದಳು. ಒಂದು ವೈರು ಕಿತ್ತಳು. ಇನ್ನೊಂದಕ್ಕೆ ಕೈ ಚಾಚುವ ಮೊದಲು, ಅಲ್ಲಿ ಘಾಟಿಲ್ಲದ್ದರಿಂದಲೋ ಏನೋ, ಬಟ್ಟೆಯನ್ನು ಗಲ್ಲಕ್ಕೆ ಇಳಿಸಿ ಉಸಿರೆಳೆದುಕೊಂಡಳು.

ಚಿತ್ರ ಅಲ್ಲಿಗೇ ನಿಂತಿತು.

ಭುವನಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಶಿಲ್ಪಾ, "ಯಾರ್ರಿ ಅಕಿ?" ಎಂದಳು. ವಿಜಯಮಹಾಂತೇಶ ಉಗುರು ನೋಡಿಕೊಳ್ಳುತ್ತ ಕುಳಿತಿದ್ದ.

"ಕಾಕಾ?" ಎಂದಿತು ಫೋನು. "ಏನರ ಸಿಕ್ತೇನ್ರಿ?"

ನಿಜಲಿಂಗಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದ. ಆ ಕಡೆಯಿಂದ ಕೋರ್ಟಿನ ಜವಾನ ಕೇಸುಗಳ ಹೆಸರು ಕೂಗುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಫಕ್ಕೀರಸಾಬನ ಹೆಸರು ಇನ್ನೂ ಬಂದಿರಲಿಲ್ಲ.

"ದೌಲತವ್ವಾ," ಎಂದ, "ನಿನ್ನ ಒಂದು ಮಾತು ಕೇಳೂದು ಬಿಟ್ಟಿದ್ದೆ. ಆ ರವಿವಾರ ಮಧ್ಯಾಹ್ನ ನೀ ಎಲ್ಲಿದ್ದಿ?"

ತಡವೇ ಆಗಲಿಲ್ಲ. ಆ ಪ್ರಶ್ನೆಗೇ ಕಾದಿದ್ದವಳಂತೆ ಅವಳು ತಣ್ಣಗೆ ಹೇಳಿದಳು.

"ಬ್ಯಾಡಗ್ಯಾಗ ಇದ್ದಿಲ್ರಿ ಕಾಕಾ. ಅಗಡಿಗೆ ಹೋಗಿದ್ನಿ, ನಮ್ಮ ಸಣ್ಣವ್ವನ ಮನಿಗೆ. ಯಾಕ್ರಿ?"

ಪರದೆಯ ಮೇಲೆ, ನಿಂತ ಚಿತ್ರದಲ್ಲಿ, ಅದೇ ದೌಲತಬಿ ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದಳು.